ಬಿಳಿ ಬೆಲ್ಟು ಗುಲಾಬಿಯಾದಾಗ: ಒಂದೇ ಕೈ ಬಣ್ಣದ ದೋಷ ಹುಡುಕೋದು ಹೇಗೆ

ಇಪ್ಪತ್ನಾಲ್ಕು ಸಿಪಾಯಿಗಳು. ಒಬ್ಬೊಬ್ಬನೂ ಹೆಬ್ಬೆರಳಿನ ಅರ್ಧದಷ್ಟು ಎತ್ತರ. ಟಿಪ್ಪು ಕಾಲದ ಯುದ್ಧವೊಂದನ್ನು ಮೇಜಿನ ಮೇಲೆ ಆಡಲು ಇಟ್ಟುಕೊಂಡ, 28 ಮಿಲಿಮೀಟರ್ ಅಳತೆಯ ಲೋಹದ ಗೊಂಬೆಗಳು. ಶನಿವಾರ ಸಂಜೆ ಕೂತು, ಒಂದೇ ಸಲ ಬಳಿದರೆ ಸಾಕಾಗುವ ಹೊಸ ಬಗೆಯ ಬಣ್ಣದಲ್ಲಿ ಎಲ್ಲರಿಗೂ ಕೆಂಪು ಅಂಗಿ ಹಚ್ಚಿ ಮುಗಿಸಿದೆ. ಎರಡು ಗಂಟೆಯ ಕೆಲಸ. ಹಳೇ ಬಗೆಯ ಬಣ್ಣವಾಗಿದ್ದರೆ ಮೂರು ಭಾನುವಾರ ಹಿಡಿಯುತ್ತಿತ್ತು. ಅಂಗಿಯ ಮಡಿಕೆಯಲ್ಲಿ ನೆರಳು ತಾನಾಗಿ ಕೂತಿತ್ತು, ಭುಜದ ಮೇಲೆ ಬೆಳಕು ತಾನಾಗಿ ಬಂದಿತ್ತು. ಇಷ್ಟು ದಿನ ಸುಮ್ನೆ ಕಷ್ಟಪಟ್ಟೆನಲ್ಲ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಎದೆಯ ಮೇಲೆ ಕತ್ತರಿ ಹಾಕಿದ ಹಾಗೆ ಹಾಯುವ ಎರಡು ಬಿಳಿ ಬೆಲ್ಟುಗಳನ್ನು ಬಳಿಯಲು ಶುರು ಮಾಡಿದೆ. ಬ್ರಷ್ ಎತ್ತುವ ಮೊದಲೇ ಬಿಳಿ ಗುಲಾಬಿಯಾಯಿತು. ಇನ್ನೊಂದು ಕೈ ಹೊಡೆದೆ. ಇನ್ನೂ ಗಾಢ ಗುಲಾಬಿ. ಬ್ರಷ್ ತೊಳೆಯುವ ಲೋಟ ನೋಡಿದರೆ ಓಕುಳಿ.

ಅಮ್ಮ ಕಾಫಿ ತಂದಿಟ್ಟು ಇಣುಕಿ ನೋಡಿದರು. "ಹೊಸ ಕೆಂಪು ಬಟ್ಟೆ ಬಣ್ಣ ಬಿಡುತ್ತೆ ಕಣೋ. ಮೊದಲು ಉಪ್ಪು ನೀರಲ್ಲಿ ನೆನೆಸಿಡಬೇಕಿತ್ತು" ಅಂದು ನಕ್ಕು ಹೋದರು.

ಅವರು ಹೇಳಿದ್ದು ತಮಾಷೆಗೆ. ಆದರೆ ಕಾಯಿಲೆಯ ಹೆಸರು ಸರಿಯಾಗಿಯೇ ಹೇಳಿದ್ದರು. ನನಗೆ ಅಲ್ಲಿಗೆ ಬಂದು ಮುಟ್ಟಲು ಇನ್ನೂ ನಾಲ್ಕು ಸಂಜೆ ಬೇಕಾಯಿತು. ಬಿಳಿ ಬಣ್ಣ ಹಳೆಯದು ಅಂದುಕೊಂಡೆ, ಹೊಸ ಬಾಟಲಿ ತೆರೆದೆ. ಬ್ರಷ್ ಬದಲಿಸಿದೆ. ನೀರು ಬದಲಿಸಿದೆ. ಒಂದು ಗೊಂಬೆಗೆ ಐದು ಕೈ ಬಿಳಿ ಹೊಡೆದು, ಅದರ ಎದೆ ದೋಸೆ ಹಿಟ್ಟು ಮೆತ್ತಿದ ಹಾಗಾಯಿತು. ಆ ನಾಲ್ಕು ಸಂಜೆ ನಿಮಗೆ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಈ ಬಣ್ಣದ ಸ್ವಭಾವ

ಗೇಮ್ಸ್ ವರ್ಕ್‌ಶಾಪ್ ಕಂಪನಿ 2019ರಲ್ಲಿ ಸಿಟಾಡೆಲ್ ಕಾಂಟ್ರಾಸ್ಟ್ ಅನ್ನುವ ಬಣ್ಣಗಳ ಸಾಲು ತಂದಿತು. 2022ರಲ್ಲಿ ಆರ್ಮಿ ಪೇಂಟರ್‌ನ ಸ್ಪೀಡ್‌ಪೇಂಟ್, ವ್ಯಾಲೆಹೋದ ಎಕ್ಸ್‌ಪ್ರೆಸ್ ಕಲರ್ ಬಂದವು. ಹೆಸರು ಬೇರೆ ಬೇರೆ, ಉಪಾಯ ಹೆಚ್ಚುಕಡಿಮೆ ಒಂದೇ. ಇಲ್ಲಿ ಎಲ್ಲಕ್ಕೂ ಸೇರಿಸಿ 'ಒಂದೇ ಕೈ ಬಣ್ಣ' ಅಂತ ಕರೆಯುತ್ತೇನೆ. ನನಗೆ ತೊಂದರೆ ಕೊಟ್ಟ ಬಾಟಲಿ ಯಾವ ಕಂಪನಿಯದು ಅನ್ನೋದು ಇಲ್ಲಿ ಬೇಡ. ಪರೀಕ್ಷೆ ಮಾಡುವ ಕ್ರಮ ಎಲ್ಲಕ್ಕೂ ಒಂದೇ.

ಮಾಮೂಲಿ ಅಕ್ರಿಲಿಕ್ ಬಣ್ಣ ಗೋಡೆಗೆ ಹೊಡೆಯುವ ಎಮಲ್ಷನ್ ಇದ್ದ ಹಾಗೆ. ಕೆಳಗೆ ಏನಿದ್ದರೂ ಮುಚ್ಚುತ್ತದೆ. ಒಂದೇ ಕೈ ಬಣ್ಣ ಮುಚ್ಚುವುದಿಲ್ಲ, ಬಣ್ಣದ ಗಾಜಿನ ಹಾಗೆ ಮೇಲೆ ಕೂರುತ್ತದೆ. ಸ್ವಲ್ಪ ಮಂದವಾದ ದ್ರವ ಅದು. ಉಬ್ಬಿದ ಕಡೆಯಿಂದ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಉಬ್ಬಿನ ಮೇಲೆ ತೆಳುವಾಗಿ ಉಳಿದ ಕಡೆ ಕೆಳಗಿನ ತಿಳಿ ಪ್ರೈಮರ್ (ಬಣ್ಣಕ್ಕೂ ಮೊದಲು ಹೊಡೆಯುವ ತಳಪದರ) ಹೊಳೆಯುತ್ತದೆ, ಅದೇ ಬೆಳಕು. ತಗ್ಗಿನಲ್ಲಿ ದಪ್ಪ ನಿಂತದ್ದೇ ನೆರಳು. ಅದಕ್ಕೇ ಪ್ರೈಮರ್ ತಿಳಿಯಾಗಿರಬೇಕು: ದಂತದ ಬಣ್ಣವೋ, ತೆಳು ಬೂದಿಯೋ.

ಇದರಲ್ಲಿ ಒಂದು ಮಾತು ಅಡಗಿದೆ. ಈ ಬಣ್ಣ ತಾನಾಗಿ ಅರ್ಧ ಕೆಲಸ ಮಾಡುತ್ತದೆ, ಮಿಕ್ಕ ಅರ್ಧ ಕೆಳಗಿನ ಪದರದ್ದು. ಹಾಗಾಗಿ ದೋಷ ಕಣ್ಣಿಗೆ ಬೀಳುವುದು ಮೇಲಿನ ಬಣ್ಣದಲ್ಲಿ, ಅದರ ಬೇರು ಮಾತ್ರ ಬಹಳ ಸಲ ಕೆಳಗೋ ಪಕ್ಕದಲ್ಲೋ ಇರುತ್ತದೆ.

ಏನಾಯ್ತು ಅಂತಲ್ಲ, ಯಾವಾಗ ಆಯ್ತು ಅಂತ ಕೇಳಿ

ಬಿಳಿ ಕಲೆ ಬಿತ್ತು ಅಂದರೆ ನನಗೆ ಏನೂ ತಿಳಿಯುವುದಿಲ್ಲ. ಬಿಳಿ ಕಲೆಗೆ ನಾಲ್ಕು ಕಾರಣ ಇರಬಹುದು. ಬಣ್ಣ ಹಿಡಿಯದೆ ಪ್ರೈಮರ್ ಕಾಣುತ್ತಿರಬಹುದು. ಹಿಡಿದದ್ದು ಉಜ್ಜಿ ಹೋಗಿರಬಹುದು. ನೀರಿನ ಉಪ್ಪು ಇರಬಹುದು. ವಾರ್ನಿಷ್ ಮಂಜುಗಟ್ಟಿರಬಹುದು. ಆದರೆ ಯಾವಾಗ ಕಂಡಿತು ಅಂದರೆ ನಾಲ್ಕರಲ್ಲಿ ಮೂರು ಅಲ್ಲೇ ಬಿದ್ದುಹೋಗುತ್ತವೆ. ಹಚ್ಚುವಾಗಲೇ? ಒಣಗಿದ ಮೇಲೆ? ಎರಡನೇ ಬಣ್ಣ ತಾಗಿದಾಗ? ಕೈಯಲ್ಲಿ ಹಿಡಿದಾಗ? ವಾರ್ನಿಷ್ ಆದ ಮೇಲೆ? ಇಷ್ಟೇ ಐದು ಪ್ರಶ್ನೆ.

ಉತ್ತರ ಸಿಗುವವರೆಗೆ ದೋಷದ ಮೇಲೆ ಇನ್ನೊಂದು ಕೈ ಬಣ್ಣ ಹೊಡೆಯಬೇಡಿ. ನಾನು ಮಾಡಿದ ತಪ್ಪು ಅದೇ. ಸಾಕ್ಷಿಯ ಮೇಲೇ ಸುಣ್ಣ ಬಳಿದ ಹಾಗೆ.

ಪರೀಕ್ಷೆಗೆ ಬೇಕಾದ ಸಾಮಾನು ಮನೆಯಲ್ಲೇ ಇದೆ. ಕಿವಿಗೆ ಹಾಕುವ ಹತ್ತಿಯ ಬಡ್ಸ್, ಸೆಲ್ಲೋ ಟೇಪು, ಟಿಶ್ಯೂ, ಒಂದು ಭೂತಗನ್ನಡಿ, ಮತ್ತೆ ಬಿಸಾಡುವ ಪ್ಲಾಸ್ಟಿಕ್ ಚಮಚಗಳು. ಚಮಚದ ಬೆನ್ನಿಗೆ ಗೊಂಬೆಗೆ ಹೊಡೆದ ಪ್ರೈಮರನ್ನೇ ಹೊಡೆದು ನಾಲ್ಕಾರು ಇಟ್ಟುಕೊಳ್ಳಿ. ಗೊಂಬೆಯ ಮೇಲೆ ಪ್ರಯೋಗ ಮಾಡುವ ಬದಲು ಇದರ ಮೇಲೆ ಮಾಡಬಹುದು. ಹಿಡಿಕೆಯ ಮೇಲೆ ಮಾರ್ಕರಿನಲ್ಲಿ ದಿನಾಂಕ ಬರೆದಿಡಿ. ಬರೆಯದ ಚಮಚ ವಾರದ ಮೇಲೆ ಬರೀ ಚಮಚ.

ಹಚ್ಚುವಾಗಲೇ ಕಂಡ ದೋಷ

ಬಣ್ಣ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಗುಂಡುಗುಂಡಾಗಿ ಸರಿದು ಹೋಗುತ್ತಿದೆಯೇ? ಗೊಂಬೆಯ ಮೇಲೆ ಜಿಡ್ಡಿದೆ. ಲೋಹದ ಮತ್ತು ರೆಸಿನ್ ಗೊಂಬೆಗಳನ್ನು ಅಚ್ಚಿನಿಂದ ಬಿಡಿಸಲು ಹಾಕುವ ಪದಾರ್ಥ ಹಾಗೇ ಉಳಿದಿರುತ್ತದೆ. ಇಲ್ಲವೇ ನಿಮ್ಮ ಬೆರಳಿನ ಎಣ್ಣೆ. ಬಜ್ಜಿ ತಿಂದ ಕೈಯಲ್ಲಿ ಗೊಂಬೆ ಹಿಡಿದವನು ನಾನೂ ಹೌದು. ಪ್ರೈಮರ್ ಹೊಡೆಯುವ ಮೊದಲು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಹಳೇ ಹಲ್ಲುಜ್ಜುವ ಬ್ರಷ್. ಅಷ್ಟೇ ಔಷಧಿ. ಪ್ರೈಮರ್ ಆಗಿಹೋಗಿದ್ದರೆ ಅದರ ಮೇಲೂ ಸೋಪಿನ ನೀರಿನಲ್ಲಿ ಮೆಲ್ಲಗೆ ಒರೆಸಬಹುದು.

ಬಣ್ಣ ಚುಕ್ಕೆಚುಕ್ಕೆಯಾಗಿ, ಒರಟು ಒರಟಾಗಿ ಕೂತರೆ ಪ್ರೈಮರ್ ಕಡೆ ನೋಡಿ. ಉಗುರಿನಿಂದ ಸವರಿದರೆ ಮರಳು ಕಾಗದದ ಹಾಗೆ ಸಿಗುತ್ತದೆಯೇ? ಸ್ಪ್ರೇ ಡಬ್ಬಿ ಜಾಸ್ತಿ ದೂರ ಹಿಡಿದಿದ್ದೀರಿ. ಬಿಸಿಲಿನ ಮಹಡಿಯ ಮೇಲೆ ಪ್ರೈಮರಿನ ಹನಿ ಗೊಂಬೆ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ ಪುಡಿಯಾಗಿ ಬಂದು ಕೂತಿದೆ. ಮಾಮೂಲಿ ಬಣ್ಣ ಈ ಪುಡಿಯನ್ನು ಮುಚ್ಚಿಬಿಡುತ್ತಿತ್ತು. ಈ ಬಣ್ಣಕ್ಕೆ ಪ್ರತಿ ಕಾಳಿನ ಸುತ್ತ ಒಂದೊಂದು ನೆರಳು ಹಾಕುವ ಚಟ. 20ರಿಂದ 30 ಸೆಂಟಿಮೀಟರ್ ದೂರ, ಬೆಳಿಗ್ಗೆ ಏಳೆಂಟು ಗಂಟೆಯ ಹೊತ್ತು, ಡಬ್ಬಿಯನ್ನು ಪೂರ್ತಿ ಎರಡು ನಿಮಿಷ ಅಲ್ಲಾಡಿಸಿದ ಮೇಲೆ. ಒರಟಾಗಿ ಹೋಗಿದ್ದರೆ ಗಟ್ಟಿ ಬ್ರಷ್ಷಿನಲ್ಲಿ ಒಣ ಒಣದಾಗಿ ಉಜ್ಜಿ ಪುಡಿ ಉದುರಿಸಿ, ಮತ್ತೊಮ್ಮೆ ಹೊಡೆಯಿರಿ.

ಒಣಗಿದ ಮೇಲೆ ಕಂಡದ್ದು

ಇಲ್ಲಿ ದೊಡ್ಡ ಕಾಟ ಕಾಫಿ ಲೋಟದ ಗುರುತು. ಮೇಜಿನ ಮೇಲೆ ಲೋಟ ಇಟ್ಟು ತೆಗೆದರೆ ಉಳಿಯುವ ಉಂಗುರ ಇದೆಯಲ್ಲ, ಅದೇ ಗೊಂಬೆಯ ಮೇಲೆ. ಮಡಿಕೆ ಇರುವ ಬಟ್ಟೆಯಲ್ಲಿ ಕಾಣುವುದಿಲ್ಲ. ಕುದುರೆಯ ಹೊಟ್ಟೆ, ಬೆನ್ನುಚೀಲ, ಮೇಲುಹೊದಿಕೆ, ಹೀಗೆ ಸಪಾಟಾದ ಕಡೆಯೆಲ್ಲ ಕಾಣುತ್ತದೆ. ಕಾರಣ ಎರಡೂ ಕಡೆ ಒಂದೇ. ಹನಿಯ ಅಂಚು ಮೊದಲು ಒಣಗುತ್ತದೆ, ನಡುವಿನ ದ್ರವ ಅಂಚಿನ ಕಡೆ ಹರಿಯುತ್ತದೆ, ಬಣ್ಣವನ್ನೂ ಜೊತೆಗೆ ಒಯ್ದು ಅಲ್ಲಿ ಬಿಡುತ್ತದೆ.

ಮೈಸೂರಿನ ಸವಾರನ ಕುದುರೆಯೊಂದನ್ನು ಕಂದು ಮಾಡುವಾಗ ನಾನು ಇದನ್ನು ಹತ್ತಿರದಿಂದ ಗಮನಿಸಿದೆ. ಬಣ್ಣ ಹಚ್ಚಿ ಒಂದು ನಿಮಿಷವಾಗಿತ್ತು. ಹೊಟ್ಟೆಯ ಕೆಳಗೆ ಒಂದು ಹನಿ ಜೋತು ನಿಂತಿತು. ಅದನ್ನು ಸರಿಮಾಡೋಣ ಅಂತ ಬ್ರಷ್ ಆಡಿಸಿದೆ. ಅಷ್ಟರಲ್ಲಿ ಮೇಲಿನ ಬಣ್ಣ ಅರ್ಧ ಒಣಗಿ ಹಾಲಿನ ಕೆನೆಯ ಹಾಗೆ ತೆಳು ಪೊರೆ ಕಟ್ಟಿತ್ತು. ಬ್ರಷ್ ಆ ಪೊರೆಯನ್ನು ಹರಿದು ಪಕ್ಕಕ್ಕೆ ತಳ್ಳಿತು. ಒಣಗಿದ ಮೇಲೆ ಒಂದರ ಬದಲು ಮೂರು ಉಂಗುರ.

ಹಾಗಾಗಿ, ಹಚ್ಚಿದ ಅರ್ಧ ನಿಮಿಷದ ಒಳಗೆ ಏನು ಮಾಡಬೇಕೋ ಮಾಡಿ, ಆಮೇಲೆ ಕೈ ಕಟ್ಟಿ ಕೂರಿ. ಜೋತ ಹನಿಯನ್ನು ತೇವದ ಬರೀ ಬ್ರಷ್ಷಿನ ತುದಿಯಿಂದ ಮುಟ್ಟಿದರೆ ಸಾಕು, ಅದೇ ಹೀರಿಕೊಳ್ಳುತ್ತದೆ. ಇಡೀ ಕುದುರೆಗೆ ಒಂದೇ ಸಲ ಬಳಿಯುವ ಬದಲು ಒಂದು ಕಾಲು, ಒಂದು ಪಕ್ಕೆ, ಕತ್ತು ಅಂತ ಸಂದುಗಳಲ್ಲಿ ನಿಲ್ಲಿಸಿ. ಹೇರ್ ಡ್ರೈಯರಿನ ಬಿಸಿ ಗಾಳಿ ಬೇಡ, ಅಂಚು ಇನ್ನೂ ಬೇಗ ಒಣಗಿ ಉಂಗುರ ಜಾಸ್ತಿಯಾಗುತ್ತದೆ. ಉಂಗುರ ಆಗಿಹೋಗಿದೆ ಅಂದರೆ ಹೊಂದುವ ಮಾಮೂಲಿ ಬಣ್ಣ ತೆಗೆದುಕೊಂಡು, ಬಹುಪಾಲು ಟಿಶ್ಯೂಗೆ ಒರೆಸಿ, ಒಣ ಬ್ರಷ್ಷಿನಲ್ಲಿ ಮೇಲೆ ತೇಲಿಸಿ. ಕುದುರೆಯ ಮೈಗೆ ಅದು ಇನ್ನೂ ಚೆನ್ನಾಗಿಯೇ ಕಾಣುತ್ತದೆ.

ತೆಳು ಮಾಡಲು ನೀರು ಹಾಕಿದ್ದೀರಾ? ಸ್ವಲ್ಪ ಪರವಾಗಿಲ್ಲ. ಹತ್ತು ಹನಿಗೆ ಒಂದೆರಡು ಹನಿ ಮೀರಿದರೆ ನನ್ನ ಕೈಯಲ್ಲಂತೂ ಉಂಗುರ ಗ್ಯಾರಂಟಿ. ಅದೇ ಕಂಪನಿಯ ಮೀಡಿಯಂ, ಅಂದರೆ ಬಣ್ಣ ತೆಳು ಮಾಡುವ ಬಣ್ಣವಿಲ್ಲದ ದ್ರವ, ಹಾಕಿ. ನೀರೇ ಬೇಕು ಅಂದರೆ ಬೋರ್‌ವೆಲ್ ನೀರು ಬೇಡ. ಸ್ಟೀಲ್ ಲೋಟದ ಮೇಲೆ ಬಿಳಿ ಕಲೆ ಬಿಡುವ ಗಡಸು ನೀರು ಕಪ್ಪು ಟೋಪಿಯ ಮೇಲೂ ಬಿಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದರೆ ವರ್ಷಗಟ್ಟಲೆ ಬರುತ್ತದೆ.

ಕೆಲವು ಕಡೆ ಹೊಳಪು, ಕೆಲವು ಕಡೆ ಮಂಕು? ಬಾಟಲಿ ಸರಿಯಾಗಿ ಅಲ್ಲಾಡಿಸಿಲ್ಲ. ಮುಂದಕ್ಕೆ ಹೋಗೋಣ.

ಇಡೀ ಅಂಗಿ ಮಂಕಾಗಿ ಕಂಡರೆ ಪ್ರೈಮರ್ ಜಾಸ್ತಿ ಗಾಢವಾಗಿದೆ. ಆದರೆ ತಡೆಯಿರಿ, ಅದು ದೋಷವೇ ಆಗಿರಬೇಕಿಲ್ಲ. ಟಿಪ್ಪು ಕಾಲದ ಬ್ರಿಟಿಷ್ ಸೇನೆಯಲ್ಲಿ ಸಾಮಾನ್ಯ ಸಿಪಾಯಿಯ ಅಂಗಿಗೆ ಮ್ಯಾಡರ್ ಬೇರಿನ ಬಣ್ಣ ಹಾಕುತ್ತಿದ್ದರು. ನಮ್ಮ ಮಂಜಿಷ್ಠದ ಜಾತಿಗೇ ಸೇರಿದ ಗಿಡ ಅದು. ಇಟ್ಟಿಗೆಯಂಥ ಮಂಕು ಕೆಂಪು ಬರುತ್ತಿತ್ತು. ಕಣ್ಣು ಕುಕ್ಕುವ ಕೆಂಪು ಅಧಿಕಾರಿಗಳಿಗೆ, ಅದು ಕೊಚಿನೀಲ್ ಹುಳುವಿನಿಂದ ಬಂದ ದುಬಾರಿ ಬಣ್ಣ. ಬಾಟಲಿಯ ಕೆಂಪು ದಂತದ ಬಣ್ಣದ ಪ್ರೈಮರಿನ ಮೇಲೆ ಸ್ವಲ್ಪ ಇಟ್ಟಿಗೆಯ ಕಡೆಗೆ ಹೊರಳಿದರೆ ಸಿಪಾಯಿಗಳನ್ನು ಹಾಗೇ ಬಿಡಿ. ಅಧಿಕಾರಿಯೊಬ್ಬನಿಗೆ ಮಾತ್ರ ಅಚ್ಚ ಬಿಳಿ ಪ್ರೈಮರ್ ಹೊಡೆದು ಅದೇ ಕೆಂಪು ಹಚ್ಚಿ ನೋಡಿ. ಒಂದೇ ಬಾಟಲಿಯಲ್ಲಿ ಎರಡು ದರ್ಜೆ.

ಎರಡನೇ ಬಣ್ಣ ತಾಗಿದಾಗ

ನನ್ನ ಗುಲಾಬಿ ಬೆಲ್ಟಿಗೆ ಬರೋಣ. ಈ ಗೊಂಬೆಗಳು ಸುಲ್ತಾನ್‌ಪೇಟೆ ತೋಪಿನ ಆಟಕ್ಕೆ. ಶ್ರೀರಂಗಪಟ್ಟಣದ ಮುತ್ತಿಗೆಯ ಹೊತ್ತಿಗೆ, 1799ರ ಏಪ್ರಿಲ್ 5ರ ರಾತ್ರಿ, ಕರ್ನಲ್ ಆರ್ಥರ್ ವೆಲ್ಲೆಸ್ಲಿ 33ನೇ ರೆಜಿಮೆಂಟನ್ನು ಕರೆದುಕೊಂಡು ಆ ಮರಗಳ ತೋಪಿಗೆ ನುಗ್ಗಿದ. ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದವನು ಇವನೇ. ಕತ್ತಲಲ್ಲಿ ದಾರಿ ತಪ್ಪಿ, ಟಿಪ್ಪುವಿನ ಸೈನಿಕರ ಗುಂಡು ಮತ್ತು ರಾಕೆಟ್ಟಿಗೆ ಸಿಕ್ಕಿ ಹಿಂದೆ ಸರಿದ. ಮಾರನೇ ದಿನ ಹಗಲಲ್ಲಿ ಬಂದು ಹಿಡಿದ. ನನಗೆ ಆ ರಾತ್ರಿಯೇ ಬೇಕಿತ್ತು. 33ನೆಯದನ್ನು ಆರಿಸಿಕೊಳ್ಳಲು ಇನ್ನೊಂದು ಸೋಮಾರಿ ಕಾರಣವೂ ಇದೆ. ಆ ರೆಜಿಮೆಂಟಿನ ಕಾಲರ್, ಕಫ್ ಕೂಡ ಕೆಂಪು. ಬೇರೆ ಬಣ್ಣ ಹಚ್ಚುವ ಗೋಜಿಲ್ಲ. ಉಳಿದದ್ದು ಬಿಳಿ ಬೆಲ್ಟು ಒಂದೇ, ಅದೇ ಕೈ ಕೊಟ್ಟಿತು.

(ನಿಜವಾದ ಸಿಪಾಯಿಗಳಿಗೂ ಈ ಬೆಲ್ಟು ಕಾಟವೇ. ಪೈಪ್ ಕ್ಲೇ ಅನ್ನುವ ಬಿಳಿ ಮಣ್ಣು ಹಚ್ಚಿ ಹಚ್ಚಿ ಬೆಳ್ಳಗೆ ಇಡಬೇಕಿತ್ತು.)

ಬಿಳಿ ಗುಲಾಬಿಯಾಗಲು ಎರಡು ಕಾರಣ ಇರಬಹುದು. ಒಂದು, ಬಿಳಿ ತೆಳುವಾಗಿದೆ, ಕೆಳಗಿನ ಕೆಂಪು ಸುಮ್ನೆ ಇಣುಕುತ್ತಿದೆ. ಇನ್ನೊಂದು, ಬಿಳಿಯಲ್ಲಿರುವ ನೀರು ಕೆಳಗಿನ ಕೆಂಪನ್ನು ಕರಗಿಸಿ ಮೇಲಕ್ಕೆ ಎಳೆಯುತ್ತಿದೆ. ಮೊದಲನೆಯದಕ್ಕೆ ಇನ್ನೊಂದು ಕೈ ಹೊಡೆದರೆ ವಾಸಿ. ಎರಡನೆಯದಕ್ಕೆ ಇನ್ನೊಂದು ಕೈ ಹೊಡೆದರೆ ಇನ್ನೂ ಹದಗೆಡುತ್ತದೆ. ಆದ್ದರಿಂದ ಯಾವುದು ಅಂತ ತಿಳಿದೇ ಬ್ರಷ್ ಎತ್ತಬೇಕು.

ಗುರುತು ಹಿಡಿಯುವುದು ಸುಲಭ. ಅಕ್ರಿಲಿಕ್ ಬಿಳಿ ಹಸಿಯಿದ್ದಾಗ ಮುಚ್ಚಿದ ಹಾಗೆ ಕಾಣುತ್ತದೆ, ಒಣಗಿದ ಮೇಲೆ ಸ್ವಲ್ಪ ತಿಳಿಯಾಗುತ್ತದೆ. ಹಸಿಯಲ್ಲಿ ಬಿಳಿ, ಒಣಗಿದ ಮೇಲೆ ಗುಲಾಬಿ ಅಂದರೆ ತೆಳುವಾದದ್ದು ಅಷ್ಟೇ. ಹಸಿಯಲ್ಲೇ, ಬ್ರಷ್ಷಿನ ಕೆಳಗೇ ಗುಲಾಬಿ ಆಯ್ತು ಅಂದರೆ ಕೆಂಪು ಬಣ್ಣ ಬಿಡುತ್ತಿದೆ. ಅನುಮಾನ ಇದ್ದರೆ ಬಡ್ಸ್ ಒದ್ದೆ ಮಾಡಿ ಹಿಂಡಿ, ಗೊಂಬೆಯ ಬೆನ್ನಿನ ಮೇಲೆ ಒತ್ತದೆ ಐದಾರು ಸಲ ಉರುಳಿಸಿ. ಬಡ್ಸ್ ಬಿಳಿಯಾಗೇ ಇದ್ದರೆ ಬಣ್ಣ ಗಟ್ಟಿಯಾಗಿದೆ. ನನ್ನದು ತುಟಿಗೆ ಬಣ್ಣ ಹಚ್ಚಿದ ಹಾಗೆ ಕೆಂಪಾಯಿತು. ಅದೂ ಹಚ್ಚಿ ಐದು ದಿನವಾದ ಮೇಲೆ.

ಈ ಐದು ದಿನ ಅನ್ನೋದು ಮುಖ್ಯ. ಒಂದೇ ಕೈ ಬಣ್ಣ ಅರ್ಧ ಗಂಟೆಯಲ್ಲಿ ಕೈಗೆ ಒಣಗಿದ ಹಾಗೆ ಸಿಗುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ. ಮಳೆಗಾಲದಲ್ಲಿ ಕಡಿಮೆ ಅಂದರೂ ಎರಡು ರಾತ್ರಿ ಬಿಡಬೇಕು. ಅವಸರ ಮಾಡಿ ಹಿಂದಿನ ಸಂಜೆಯ ಬಣ್ಣದ ಮೇಲೆ ಬಿಳಿ ಹಚ್ಚಿದರೆ ಒಳ್ಳೆಯ ಬಾಟಲಿಯೂ ಬಣ್ಣ ಬಿಡಬಹುದು. ಆಗ ಕಾಯುವುದೇ ಔಷಧಿ. ಐದು ದಿನವಾದರೂ ಬಡ್ಸ್ ಕೆಂಪಾಗುತ್ತಿದೆ ಅಂದರೆ ಆ ಬಣ್ಣದ ಅಂಟು ಪದಾರ್ಥವೇ ನೀರಿಗೆ ಮತ್ತೆ ಕರಗುವಂಥದ್ದು. ಈ ಬಗೆಯ ಬಣ್ಣಗಳಲ್ಲಿ ಮೊದಮೊದಲು ಬಂದ ಕೆಲವಕ್ಕೆ ಈ ಗುಣವಿತ್ತು. ನೀವು ಎಷ್ಟು ಕಾದರೂ ಅಷ್ಟೇ. ಕೆಂಪು ಮತ್ತು ನೇರಳೆಯಲ್ಲಿ ಜಾಸ್ತಿ ಕಣ್ಣಿಗೆ ಹೊಡೆಯುತ್ತದೆ.

ನೇರಳೆ ಅಂದಾಗ ನನ್ನ ಎದೆ ಧಸಕ್ಕೆಂದಿತು. ಆಟದ ಇನ್ನೊಂದು ಪಾಳೆಯ ಟಿಪ್ಪುವಿನ ಕಾಲಾಳುಗಳು. ಅವರ ಹುಲಿ ಅಂಗಿ ನೇರಳೆ ಬಟ್ಟೆ, ಅದರ ಮೇಲೆ ಬಿಳಿ ಬಿಳಿ ಗುರುತು. ತಲೆಗೆ ಕೆಂಪು ರುಮಾಲು, ಸೊಂಟಕ್ಕೆ ಕೆಂಪು ಪಟ್ಟಿ. ಒಂದು ಅಂಗಿಗೆ ಹದಿನೈದು ಇಪ್ಪತ್ತು ಬಿಳಿ ಚುಕ್ಕೆ, ಎಲ್ಲವೂ ನೇರಳೆಯ ಮೇಲೆ. ಬೆಲ್ಟಿನ ಕಥೆಯೇ ಇಲ್ಲೂ ಆದರೆ ಮೈಸೂರಿನ ಹುಲಿಗಳು ನೇರಳೆ ಹಣ್ಣಿನ ಐಸ್‌ಕ್ರೀಮಿನ ಬಣ್ಣಕ್ಕೆ ತಿರುಗುತ್ತಿದ್ದವು. ಅವಕ್ಕೆ ಇನ್ನೂ ಬ್ರಷ್ ಮುಟ್ಟಿಸಿರಲಿಲ್ಲ, ಪುಣ್ಯ.

ಪರಿಹಾರ ಒಂದೇ: ಎರಡು ಬಣ್ಣಗಳ ನಡುವೆ ನೀರು ದಾಟದ ಗೋಡೆ. ಅಂದರೆ ವಾರ್ನಿಷ್. ಆದರೆ ಬ್ರಷ್ಷಿನಲ್ಲಿ ಹಚ್ಚುವ ನೀರಿನ ವಾರ್ನಿಷ್ ಅಲ್ಲ. ಅದರ ನೀರೇ ಕೆಂಪನ್ನು ಕರಗಿಸುತ್ತದೆ, ಬ್ರಷ್ಷು ಅದನ್ನು ಎಳೆದಾಡುತ್ತದೆ. ನಾನು ಒಂದು ಚಮಚದ ಮೇಲೆ ಮಾಡಿ ನೋಡಿದೆ. ಕೆಂಪು ಗೆರೆಗಳು ಚಮಚದ ತುದಿಯವರೆಗೂ ಹರಿದಿದ್ದವು. ಸ್ಪ್ರೇ ಡಬ್ಬಿಯಲ್ಲಿ ಬರುವ, ನೀರಿನದ್ದಲ್ಲದ, ಸಾಲ್ವೆಂಟಿನ ವಾರ್ನಿಷ್ ತನ್ನಿ. ಮೊದಲ ಸಲ ಇಬ್ಬನಿ ಬಿದ್ದಷ್ಟೇ ತೆಳು. ಕಾಲು ಗಂಟೆ ಬಿಟ್ಟು ಇನ್ನೊಮ್ಮೆ. ಬಯಲಲ್ಲಿ ನಿಂತು, ಮೂಗಿಗೆ ಮಾಸ್ಕ್ ಹಾಕಿ. ಒಂದು ರಾತ್ರಿ ಬಿಟ್ಟು ಬಡ್ಸ್ ಪರೀಕ್ಷೆ ಮತ್ತೆ ಮಾಡಿ. ಬಡ್ಸ್ ಬಿಳಿ ಬಂದ ಮೇಲೆಯೇ ಮುಂದೆ.

ಆಮೇಲೂ ನೇರ ಬಿಳಿ ಬೇಡ. ಮೊದಲು ಮಾಮೂಲಿ ಅಕ್ರಿಲಿಕ್‌ನ ತಿಳಿ ಬೂದಿ ಬಣ್ಣದಲ್ಲಿ ಬೆಲ್ಟನ್ನು ಒಂದೇ ಎಳೆತದಲ್ಲಿ ಎಳೆಯಿರಿ. ಬ್ರಷ್ಷಿನ ಹೆಚ್ಚಿನ ನೀರನ್ನು ಟಿಶ್ಯೂಗೆ ಒರೆಸಿರಬೇಕು. ಒಣಗಲಿ. ಅದರ ಮೇಲೆ ಸ್ವಲ್ಪ ಕಿರಿದಾಗಿ ಬಿಳಿ. ಅಂಚಿನಲ್ಲಿ ಉಳಿದ ಬೂದಿಯೇ ಬೆಲ್ಟಿನ ನೆರಳು. ಉಜ್ಜಬೇಡಿ, ಹಿಂದಕ್ಕೆ ಮುಂದಕ್ಕೆ ಆಡಿಸಬೇಡಿ.

ಈಗಾಗಲೇ ಗುಲಾಬಿಯಾದವಕ್ಕೂ ಇದೇ ದಾರಿ. ಗುಲಾಬಿಯನ್ನು ಕೆರೆಯಲು ಹೋಗಬೇಡಿ. ಹಾಗೇ ವಾರ್ನಿಷ್ ಹೊಡೆದು ಬೀಗ ಹಾಕಿ, ಬೂದಿ, ಆಮೇಲೆ ಬಿಳಿ. ನನ್ನ ಇಪ್ಪತ್ನಾಲ್ಕರಲ್ಲಿ ಇಪ್ಪತ್ಮೂರು ಹೀಗೆ ಬದುಕಿದವು. ದೋಸೆ ಹಿಟ್ಟಿನವನ ಕಥೆ ಕೊನೆಗೆ ಹೇಳುತ್ತೇನೆ.

ಮುಂದಿನ ಸಲಕ್ಕೆ ಇನ್ನೂ ಸುಲಭದ ದಾರಿಯಿದೆ. ತಿಳಿ ಪ್ರೈಮರ್ ಹೇಗೂ ಕೆಳಗಿದೆ, ಬೆಲ್ಟಿನ ಜಾಗ ಬಿಟ್ಟು ಸುತ್ತ ಕೆಂಪು ಹಚ್ಚಿ. ನಾಲ್ಕೈದು ಗೊಂಬೆಗೆ ಪರವಾಗಿಲ್ಲ. ಇಪ್ಪತ್ನಾಲ್ಕಕ್ಕೆ ನನಗೆ ತಾಳ್ಮೆಯಿಲ್ಲ.

ಕೈಯಲ್ಲಿ ಹಿಡಿದಾಗ ಹೋದರೆ

ಟೋಪಿಯ ಅಂಚು, ಮೂಗಿನ ತುದಿ, ಬಂದೂಕಿನ ನಳಿಗೆ. ಈ ಜಾಗಗಳಲ್ಲಿ ಬಿಳಿ ಇಣುಕಿದರೆ ಭೂತಗನ್ನಡಿ ಹಿಡಿಯಿರಿ. ಕಲೆ ಗುಂಡಗೆ, ಅಂಚು ನುಣ್ಣಗಿದ್ದರೆ ಬಣ್ಣ ಅಲ್ಲಿ ಹಿಡಿದೇ ಇರಲಿಲ್ಲ, ಜಿಡ್ಡಿನ ಕೆಲಸ. ಕಲೆ ಬರೀ ಉಬ್ಬಿನ ಮೇಲೆ ಸವೆದ ಹಾಗಿದ್ದರೆ ನಿಮ್ಮ ಹೆಬ್ಬೆರಳು. ಪ್ರೈಮರ್ ಸಮೇತ ಎದ್ದು ಲೋಹ ಹೊಳೆಯುತ್ತಿದ್ದರೆ ಪ್ರೈಮರೇ ಅಂಟಿಲ್ಲ. ಕೊನೆಯದನ್ನು ಖಚಿತ ಮಾಡಲು ಬೆನ್ನಿಗೆ ಸೆಲ್ಲೋ ಟೇಪು ಒತ್ತಿ ಎಳೆಯಿರಿ. ಟೇಪಿನ ಜೊತೆ ಹಾಳೆಯ ಹಾಗೆ ಎದ್ದರೆ ಗೊಂಬೆ ತೊಳೆದು ಮೊದಲಿನಿಂದ ಶುರು.

ಹೆಬ್ಬೆರಳಿನ ರೋಗಕ್ಕೆ ಗೊಂಬೆಯನ್ನು ಮುಟ್ಟದಿರುವುದೇ ಮದ್ದು. ಖಾಲಿ ಔಷಧಿ ಬಾಟಲಿಯ ಮುಚ್ಚಳಕ್ಕೆ ಡಬಲ್ ಸೈಡ್ ಟೇಪು ಹಾಕಿ, ಅದರ ಮೇಲೆ ಗೊಂಬೆ ನಿಲ್ಲಿಸಿ. ಬಾಟಲಿ ಹಿಡಿದು ಬಣ್ಣ ಹಚ್ಚಿ. ಆಟದಲ್ಲಿ ಹತ್ತು ಜನರ ಕೈ ಬೀಳುವ ಗೊಂಬೆಗೆ ವಾರ್ನಿಷ್ ತಪ್ಪಿಸಲೇಬೇಡಿ.

ವಾರ್ನಿಷ್ ಆದ ಮೇಲೆ

ಎಲ್ಲ ಮುಗಿಯಿತು ಅಂತ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಹೊಡೆದು ಊಟಕ್ಕೆ ಹೋಗಿ ಬಂದರೆ ಗೊಂಬೆಗಳ ಮೇಲೆಲ್ಲ ಮಂಜು. ಜುಲೈ ತಿಂಗಳಲ್ಲಿ ನನಗೆ ಆದದ್ದು. ಮುಖದ ಮೇಲೆ ವಿಭೂತಿ ಬಳಿದ ಹಾಗೆ. ಆ ಹೊತ್ತಿಗೆ ಹೊಟ್ಟೆಯೊಳಗೆ ಆಗುವ ಸಂಕಟ ಬೇರೆಯವರಿಗೆ ಹೇಳಿ ತಿಳಿಸಲಾಗದು. ಆದರೆ ಇದು ಎಲ್ಲಕ್ಕಿಂತ ಹೆದರಿಸುವ ದೋಷ, ಎಲ್ಲಕ್ಕಿಂತ ಸುಲಭವಾಗಿ ಹೋಗುವ ದೋಷವೂ ಹೌದು.

ಬೆರಳು ಒದ್ದೆ ಮಾಡಿ ಒಂದು ಬಿಳಿ ಕಲೆಗೆ ತಾಗಿಸಿ. ಒದ್ದೆಯಾದಾಗ ಬಣ್ಣ ಮತ್ತೆ ಕಾಣಿಸಿ, ಒಣಗಿದ ಮೇಲೆ ಬಿಳಿ ವಾಪಸ್ ಬಂದರೆ ಕೆಳಗಿನ ಕೆಲಸ ಕ್ಷೇಮವಾಗಿದೆ. ಮೇಲಿನ ವಾರ್ನಿಷ್ ಮಾತ್ರ ಒರಟಾಗಿ ಬೆಳಕನ್ನು ಚೆದುರಿಸುತ್ತಿದೆ. ಗಾಳಿಯ ತೇವ ಒಳಗೆ ಸೇರಿಕೊಂಡಿದೆ, ಇಲ್ಲವೇ ಒಂದೇ ಸಲಕ್ಕೆ ದಪ್ಪ ಹೊಡೆದಿದ್ದೀರಿ, ಇಲ್ಲವೇ ಡಬ್ಬಿಯ ತಳದ ಮ್ಯಾಟ್ ಪುಡಿ ಸರಿಯಾಗಿ ಬೆರೆತಿಲ್ಲ. ಒಣಗಲು ಬಿಟ್ಟು, ಹೊಳಪಿನ ಗ್ಲಾಸಿ ವಾರ್ನಿಷ್ ಒಂದು ಕೈ ಹಚ್ಚಿ. ಒರಟು ಸಂದುಗಳು ತುಂಬಿಕೊಂಡು ಬಣ್ಣ ಹೊರಗೆ ಬರುತ್ತದೆ. ಮ್ಯಾಟ್ ಪದರ ಎಲ್ಲ ಕಡೆ ಕೂತಿದ್ದರೆ ಇಲ್ಲಿ ಬ್ರಷ್ಷಿನ ನೀರಿನ ವಾರ್ನಿಷ್ಷೂ ನಡೆಯುತ್ತದೆ. ಬಣ್ಣ ಬಿಡುವ ಜಾತಿಯ ಮೇಲಾದರೆ ಮಾತ್ರ ಸ್ಪ್ರೇಯೇ ವಾಸಿ. ಕೆಲವರು ಆಲಿವ್ ಎಣ್ಣೆ ಸವರಿ ಒರೆಸುತ್ತಾರೆ. ಬಣ್ಣ ಬರುವುದು ನಿಜ, ಆದರೆ ಆಮೇಲೆ ಧೂಳು ಹಿಡಿಯುತ್ತದೆ, ನನಗೆ ಹಿಡಿಸಲಿಲ್ಲ.

ಒದ್ದೆ ಮಾಡಿದರೂ ಬಿಳಿ ಹೋಗದಿದ್ದರೆ ಅದು ಮಂಜಲ್ಲ. ಹಿಂದಕ್ಕೆ ಹೋಗಿ, ಜಿಡ್ಡು ಅಥವಾ ಹೆಬ್ಬೆರಳಿನ ಪುಟ ನೋಡಿ.

ವಾರ್ನಿಷ್ ಹೊಡೆಯುವ ದಿನವನ್ನು ನಾನು ಹಗ್ಗದ ಮೇಲಿನ ಬಟ್ಟೆ ನೋಡಿ ತೀರ್ಮಾನಿಸುತ್ತೇನೆ. ಬೆಳಿಗ್ಗೆ ಹಾಕಿದ ಟವೆಲ್ ಮಧ್ಯಾಹ್ನಕ್ಕೂ ತಣ್ಣಗಿದ್ದರೆ ಡಬ್ಬಿ ಮುಟ್ಟುವುದಿಲ್ಲ. ಮಂಗಳೂರಿನ ಕಡೆಯವರು ಹೀಗೆ ಕಾಯುತ್ತಾ ಕೂತರೆ ಅಕ್ಟೋಬರ್ ಬರಬಹುದು. ಬಣ್ಣ ಬಿಡದ ಬಾಟಲಿ ಅಂತ ಬಡ್ಸ್ ಹೇಳಿದರೆ ಅವರಿಗೆ ಬ್ರಷ್ಷಿನಲ್ಲಿ ಹಚ್ಚುವ ನೀರಿನ ವಾರ್ನಿಷ್ಷೇ ಸರಿ.

ಏನೂ ಮಾಡಲಾಗದೆ ಉಳಿದವನು

ಎದೆಗೆ ಐದು ಕೈ ಬಿಳಿ ಮೆತ್ತಿಸಿಕೊಂಡವನ ಗುಂಡಿಗಳೂ ಕಾಣದ ಹಾಗಾಗಿದ್ದವು. ಅವನಿಗೆ ಬಣ್ಣ ಪೂರ್ತಿ ಬಿಚ್ಚಿಸುವುದೇ ದಾರಿ. ಇಂಗ್ಲೆಂಡಿನ ಆಟಗಾರರು ಬಹಳ ಕಾಲದಿಂದ ಬಳಸುವ ಉಪಾಯ ಡೆಟಾಲ್. ಕಂದು ಬಣ್ಣದ ಮಾಮೂಲಿ ಡೆಟಾಲ್, ನೀರು ಬೆರೆಸದೆ. ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಗೊಂಬೆ ಮುಳುಗಿಸಿ ಒಂದು ರಾತ್ರಿ ಬಿಡಿ. ಕೈಗೆ ಗ್ಲೌಸ್ ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದರೆ ಬಣ್ಣ ಕೆಸರಿನ ಹಾಗೆ ಬರುತ್ತದೆ. ಒಂದು ಎಚ್ಚರಿಕೆ: ಈ ಹೊತ್ತಲ್ಲಿ ನಲ್ಲಿಗೆ ಹಿಡಿಯಬೇಡಿ. ನೀರು ತಾಗಿದ ಕೂಡಲೇ ಕೆಸರು ಹಲಸಿನ ಮೇಣದ ಹಾಗೆ ಅಂಟಂಟಾಗುತ್ತದೆ, ಬ್ರಷ್ಷನ್ನೂ ಬಿಡುವುದಿಲ್ಲ. ಬ್ರಷ್ಷನ್ನೂ ಡೆಟಾಲಿನಲ್ಲೇ ಅದ್ದಿ, ಕೆಸರೆಲ್ಲ ಹೋಗುವವರೆಗೆ ಅದರಲ್ಲೇ ತೊಳೆದು, ಟಿಶ್ಯೂಗೆ ಒರೆಸಿ, ಕೊನೆಗೆ ಸೋಪು ನೀರು. ಲೋಹಕ್ಕೆ ಇದು ಏನೂ ಮಾಡುವುದಿಲ್ಲ. ರೆಸಿನ್ ಆದರೆ ಮೊದಲು ಗೊಂಬೆಯ ಜೊತೆ ಅಚ್ಚಿನಿಂದ ಬಂದ ಬೇಡದ ಚೂರೊಂದನ್ನು ಹಾಕಿ ಮೆತ್ತಗಾಗುತ್ತದೆಯೇ ನೋಡಿ.

ನಾನು ಉಜ್ಜುತ್ತಿದ್ದಾಗ ಬಾಗಿಲು ಹಾಕಿದ್ದರೂ ವಾಸನೆ ನಡುಮನೆ ತುಂಬಿತ್ತು.

"ಏನೋ ಅದು ಡೆಟಾಲ್ ವಾಸನೆ? ಯಾರಿಗೋ ಗಾಯ ಆಯ್ತು?" ಅಂತ ಅಡುಗೆಮನೆಯಿಂದ ಅಮ್ಮನ ದನಿ.

"33ನೇ ರೆಜಿಮೆಂಟಿನವನಿಗಮ್ಮಾ" ಅಂದೆ.